ಕುದುರೆಗೆ ನೊಣ, ನೊರಜುಗಳ ಕಾಟ: ತಡೆಯುವುದು ಹೇಗೆ?

ಕುದುರೆಯ ಪಕ್ಕೆಯ ಮೇಲೆ ಒಂದು ನೊಣ ಬಂದು ಕುಳಿತರೆ, ಕುಳಿತ ಜಾಗದ ಸುತ್ತಲಿನ ಚರ್ಮ ಮಾತ್ರ ಥಟ್ಟನೆ ಅದುರುತ್ತದೆ, ನೊಣ ಹಾರಿಹೋಗುತ್ತದೆ. ಚರ್ಮದ ಅಡಿಯಲ್ಲಿ ಹಾಳೆಯಂತೆ ಹರಡಿಕೊಂಡಿರುವ ತೆಳುವಾದ ಸ್ನಾಯುವಿನ ಕೆಲಸ ಇದು. ನಾನೂರು, ಐನೂರು ಕಿಲೋಗ್ರಾಂ ತೂಗುವ ಪ್ರಾಣಿ ಒಂದು ಸಣ್ಣ ಕೀಟದ ಸ್ಪರ್ಶವನ್ನು ಅರಿತು ಆ ಜಾಗವನ್ನಷ್ಟೇ ಅಲುಗಿಸಬಲ್ಲದು. ಇಷ್ಟು ಸೂಕ್ಷ್ಮವಾದ ವ್ಯವಸ್ಥೆ ದೇಹದಲ್ಲಿ ರೂಪುಗೊಂಡಿದೆ ಎಂದರೆ ಅದಕ್ಕೆ ಕಾರಣವಾದ ಕಾಟವೂ ಬಹಳ ಹಳೆಯದು, ಗಂಭೀರವಾದದ್ದು ಎಂದು ಅರ್ಥ.

ಯೂರೋಪಿನಂಥ ಸಮಶೀತೋಷ್ಣ ಪ್ರದೇಶಗಳಲ್ಲಿ ಈ ಕಾಟ ಮುಖ್ಯವಾಗಿ ಬೇಸಿಗೆಯದು. ಚಳಿ ಕಳೆದು ದಿನ ಬೆಚ್ಚಗಾದಾಗಲೇ ಅಲ್ಲಿ ಕೀಟಗಳು ಹೊರಬರುತ್ತವೆ. ನಮ್ಮ ನಾಡಿನಲ್ಲಿ ಶಾಖಕ್ಕೆ ಕೊರತೆಯಿಲ್ಲ. ಬೇಸಿಗೆಯಲ್ಲಿ ಕೊರತೆಯಾಗುವುದು ತೇವ. ಆದ್ದರಿಂದ ಬೇಸಿಗೆಯ ಕೊನೆಯ ಮಳೆಗಳು ಬಿದ್ದ ಮೇಲೆ ಕಾಟ ಏರುತ್ತಾ ಹೋಗಿ ಮಳೆಗಾಲದಲ್ಲೂ ಅದರ ನಂತರದ ತಿಂಗಳುಗಳಲ್ಲೂ ಮುಂದುವರಿಯುತ್ತದೆ. ಮೈಸೂರಿನ ಟಾಂಗಾ ಕುದುರೆಯಾಗಲಿ, ಪಂದ್ಯದ ಕುದುರೆಯಾಗಲಿ, ಅಶ್ವಾರೋಹಿ ಪೊಲೀಸರ ಕುದುರೆಯಾಗಲಿ ಇದರಿಂದ ಪಾರಾಗುವುದಿಲ್ಲ.

ಕುದುರೆ ಸಾಕಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ನೊಣಕ್ಕೆ ಯಾವ ಮದ್ದು ಒಳ್ಳೆಯದು?" ಎಂಬುದು. ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: "ಬರುತ್ತಿರುವುದು ಯಾವ ನೊಣ?" ಏಕೆಂದರೆ ಒಂದು ಕೀಟವನ್ನು ದೂರವಿಡುವ ಉಪಾಯ ಮತ್ತೊಂದಕ್ಕೆ ನಾಟದೆ ಹೋಗಬಹುದು. ಕೆಲವೊಮ್ಮೆ ಒಂದರಿಂದ ಕಾಪಾಡಲು ಹೋಗಿ ಕುದುರೆಯನ್ನು ಇನ್ನೊಂದರ ಬಾಯಿಗೆ ಒಡ್ಡಿದಂತೆಯೂ ಆಗಬಹುದು.

ಕುದುರೆಯ ಸ್ವಂತ ಆಯುಧಗಳು

ಚರ್ಮ ಅದುರಿಸುವುದಲ್ಲದೆ ಕುದುರೆಗೆ ಬೇರೆ ಆಯುಧಗಳೂ ಇವೆ. ಅವುಗಳಲ್ಲಿ ಮುಖ್ಯವಾದದ್ದು ಬಾಲ. ಬಾಲ ಇರುವುದು ಕುಳಿತ ನೊಣವನ್ನು ಹೊಡೆಯಲು ಎಂದು ನಾವು ತಿಳಿದಿರುತ್ತೇವೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಇನ್ನೊಂದು ವಿವರಣೆಯನ್ನು ಸೇರಿಸಿತು. ತೂಗುಬಿಟ್ಟ ಬಾಲವನ್ನು ಒಂದು ಲೋಲಕ ಎಂದು ಭಾವಿಸಿದರೆ ಅದು ತಾನಾಗಿ ತೂಗಾಡುವ ವೇಗ ಬಹಳ ಕಡಿಮೆ. ಪ್ರಾಣಿಗಳು ಅದರ ಸುಮಾರು ಮೂರು ಪಟ್ಟು ವೇಗದಲ್ಲಿ ಬಾಲ ಬೀಸುತ್ತವೆ. ಹೀಗೆ ಬೀಸಿದಾಗ ಉಂಟಾಗುವ ಗಾಳಿಯ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ಸೊಳ್ಳೆ ಹಾರುವ ವೇಗವೂ ಹೆಚ್ಚುಕಡಿಮೆ ಇಷ್ಟೇ! ಬಾಲವನ್ನು ಹೋಲುವ ಯಂತ್ರವನ್ನಿಟ್ಟು ನೋಡಿದಾಗ ಈ ಗಾಳಿಯೊಂದೇ ಸೊಳ್ಳೆಗಳಲ್ಲಿ ಸುಮಾರು ಅರ್ಧದಷ್ಟನ್ನು ಇಳಿಯಲು ಬಿಡಲಿಲ್ಲ. ಆದರೆ ದಪ್ಪ ದೇಹದ, ಬಲವಾಗಿ ಹಾರುವ ನೊಣಕ್ಕೆ ಈ ಗಾಳಿ ಸಾಲದು. ಅದಕ್ಕೆ ಬಾಲದ ತುದಿಯ ಏಟೇ ಬೇಕು.

ಮತ್ತೊಂದು ಆಯುಧ ಗುಂಪು. ಬಯಲಿನಲ್ಲಿ ಎರಡು ಕುದುರೆಗಳು ಒಂದರ ತಲೆಯ ಬಳಿ ಇನ್ನೊಂದರ ಬಾಲ ಬರುವಂತೆ ನಿಂತಿರುವುದನ್ನು ಕಾಣಬಹುದು. ತನ್ನ ಮುಖಕ್ಕೆ ತನ್ನ ಬಾಲ ಎಟುಕದು. ಜೊತೆಗಾರನ ಬಾಲ ಎಟುಕುತ್ತದೆ. ಫ್ರಾನ್ಸಿನ ಕಮಾರ್ಗ್ ಜೌಗು ಪ್ರದೇಶದ ಕುದುರೆಗಳನ್ನು ಕುರಿತು 1979ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೊಡ್ಡ ಗುಂಪಿನಲ್ಲಿರುವ ಕುದುರೆಗಳಿಗೆ ತಲಾ ಕಚ್ಚುವ ನೊಣಗಳ ಸಂಖ್ಯೆ ಕಡಿಮೆ ಎಂದು ಕಂಡುಬಂದಿತು. ಆದ್ದರಿಂದ ಅಂದಕ್ಕಾಗಿ ಬಾಲದ ಕೂದಲನ್ನು ಮೋಟಾಗಿ ಕತ್ತರಿಸುವುದು, ಕುದುರೆಯನ್ನು ಬಿಸಿಲಿನಲ್ಲಿ ಒಂಟಿಯಾಗಿ ಗಿಡ್ಡ ಹಗ್ಗದಿಂದ ಕಟ್ಟುವುದು ಎರಡೂ ಅದರ ಆಯುಧವನ್ನು ಕಸಿದುಕೊಂಡಂತೆ.

ವೈರಿಗಳು ನಾಲ್ಕು ಬಗೆ

ಕುದುರೆಯನ್ನು ಕಾಡುವ ರೆಕ್ಕೆಯ ಕೀಟಗಳನ್ನು ಅನುಕೂಲಕ್ಕಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ಕುದುರೆನೊಣ: ಟಬಾನಿಡೆ ಕುಟುಂಬಕ್ಕೆ ಸೇರಿದ ದಪ್ಪ ನೊಣ. ದೊಡ್ಡ, ಹೊಳೆಯುವ ಕಣ್ಣುಗಳಿವೆ. ಹಗಲಿನಲ್ಲಿ, ಬಿಸಿಲಿದ್ದಾಗ ಚುರುಕು. ರಕ್ತ ಹೀರುವುದು ಹೆಣ್ಣು ಮಾತ್ರ. ದನ, ಎಮ್ಮೆಗಳನ್ನೂ ಬಿಡುವುದಿಲ್ಲ.

2. ಲಾಯದ ನೊಣ: ವೈಜ್ಞಾನಿಕ ಹೆಸರು ಸ್ಟೊಮಾಕ್ಸಿಸ್ ಕ್ಯಾಲ್ಸಿಟ್ರಾನ್ಸ್. ನೋಡಲು ಮನೆನೊಣದಂತೆಯೇ ಇದೆ. ಆದರೆ ತಲೆಯಿಂದ ಮುಂದಕ್ಕೆ ಸೂಜಿಯಂತೆ ಚಾಚಿಕೊಂಡ ಗಟ್ಟಿ ಸೊಂಡಿಲು ಇದರ ಗುರುತು. ಹೆಚ್ಚಾಗಿ ಕಾಲುಗಳಿಗೆ ಕಚ್ಚುತ್ತದೆ. ಗಂಡು, ಹೆಣ್ಣು ಎರಡೂ ರಕ್ತ ಹೀರುತ್ತವೆ.

3. ಮನೆನೊಣ ಮತ್ತು ಅದರ ಬಂಧುಗಳು: ಇವು ಕಚ್ಚುವುದಿಲ್ಲ. ಕಣ್ಣೀರು, ಸಿಂಬಳ, ಗಾಯದ ರಸ ನೆಕ್ಕಲು ಬರುತ್ತವೆ.

4. ನೊರಜು: ಕ್ಯೂಲಿಕಾಯ್ಡಿಸ್ ಜಾತಿಯ ಕೀಟ. ನಮ್ಮಲ್ಲಿ ನುಸಿ ಎಂದು ಕರೆಯುವ ಸಣ್ಣ ಕೀಟಗಳಲ್ಲಿ ಇದೂ ಒಂದು. ಉದ್ದ 1ರಿಂದ 3 ಮಿಲಿಮೀಟರ್ ಅಷ್ಟೆ. ಹೆಚ್ಚಿನ ಪ್ರಭೇದಗಳು ಮುಸ್ಸಂಜೆ, ರಾತ್ರಿ ಮತ್ತು ನಸುಕಿನಲ್ಲಿ ಕಚ್ಚುತ್ತವೆ.

ಈ ನಾಲ್ಕೂ ಕುದುರೆಯನ್ನು ಹುಡುಕಿ ಬರುವ ದಾರಿ ಬೇರೆ, ಹೊತ್ತು ಬೇರೆ, ಹುಟ್ಟುವ ಜಾಗ ಬೇರೆ. ತಡೆಯುವ ಉಪಾಯವೂ ಅದಕ್ಕೆ ತಕ್ಕಂತೆ ಬೇರೆಯಾಗಬೇಕು.

ಕುದುರೆನೊಣ ಬೆಳಕನ್ನು ನಂಬಿ ಬರುತ್ತದೆ

ಬೆಳಕು ಅಲೆಯಾಗಿ ಚಲಿಸುವಾಗ ಅದರ ಕಂಪನ ಎಲ್ಲ ದಿಕ್ಕುಗಳಲ್ಲೂ ಇರುತ್ತದೆ. ನೀರಿನಂಥ ನುಣುಪು ಮೇಲ್ಮೈಗೆ ತಾಗಿ ಪ್ರತಿಫಲಿಸಿದಾಗ ಅಡ್ಡಲಾಗಿ ಕಂಪಿಸುವ ಭಾಗವೇ ಅದರಲ್ಲಿ ಹೆಚ್ಚಾಗಿ ಉಳಿಯುತ್ತದೆ. ಇದೇ ಬೆಳಕಿನ ಧ್ರುವೀಕರಣ. ನಮ್ಮ ಕಣ್ಣಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಎಷ್ಟೋ ಕೀಟಗಳಿಗೆ ತಿಳಿಯುತ್ತದೆ. ಕುದುರೆನೊಣದ ಮರಿಹುಳುಗಳು ಬೆಳೆಯುವುದು ಕೆರೆಯಂಚಿನ ಕೆಸರಿನಲ್ಲಿ, ಜೌಗು ಮಣ್ಣಿನಲ್ಲಿ. ಹಾಗಾಗಿ ನೀರನ್ನು ಪತ್ತೆ ಮಾಡಲು ನೊಣಕ್ಕೆ ಈ ಧ್ರುವೀಕೃತ ಬೆಳಕು ಒಳ್ಳೆಯ ಸುಳಿವು.

ಕಪ್ಪು ಅಥವಾ ಗಾಢ ಕಂದು ಬಣ್ಣದ ಹೊಳೆಯುವ ಮೈ ಕೂಡ ಇಂಥದೇ ಬೆಳಕನ್ನು ಹೊಮ್ಮಿಸುತ್ತದೆ. ಕೂದಲಿನ ಒಳಹೊಕ್ಕ ಬೆಳಕು ಅಲ್ಲೇ ಹೀರಲ್ಪಟ್ಟು, ಮೇಲ್ಮೈಯಿಂದ ಪ್ರತಿಫಲಿಸಿದ್ದಷ್ಟೇ ಹೊರಬರುತ್ತದೆ. ಬಿಳಿ ಕೂದಲಿನಲ್ಲಾದರೋ ಒಳಹೊಕ್ಕ ಬೆಳಕು ಅತ್ತಿತ್ತ ಚದುರಿ ಎಲ್ಲ ದಿಕ್ಕಿನ ಕಂಪನಗಳೊಡನೆ ಮತ್ತೆ ಹೊರಬಂದು ಧ್ರುವೀಕರಣವನ್ನು ತಗ್ಗಿಸಿಬಿಡುತ್ತದೆ. ಹಂಗರಿಯ ವಿಜ್ಞಾನಿ ಗಾಬೋರ್ ಹೊರ್ವಾತ್ ಮತ್ತು ಸಂಗಡಿಗರು ಅಂಟು ಸವರಿದ ಕುದುರೆ ಬೊಂಬೆಗಳನ್ನು ಬಯಲಿನಲ್ಲಿ ನಿಲ್ಲಿಸಿ ಇದನ್ನು ಪರೀಕ್ಷಿಸಿದರು. ಕಪ್ಪು, ಕಂದು ಬೊಂಬೆಗಳಿಗೆ ಹೋಲಿಸಿದರೆ ಬಿಳಿಯ ಬೊಂಬೆಗೆ ಸಿಕ್ಕಿಬಿದ್ದ ಕುದುರೆನೊಣಗಳು ಬಹಳ ಕಡಿಮೆ. 2010ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2016ರಲ್ಲಿ, ಮೊದಲು ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂದಿತು.

ಹಾಗಾದರೆ ಬಿಳಿ ಕುದುರೆಗಳನ್ನೇ ಸಾಕಿದರಾಯಿತಲ್ಲ ಎನ್ನುವಂತಿಲ್ಲ. ಬಿಳಿ ಕುದುರೆಗಳಿಗೆ ಚರ್ಮದ ಗಂತಿಗಳ ಅಪಾಯ ಹೆಚ್ಚು. ಬದಲಾಗಿ, ಕಪ್ಪು ಕುದುರೆಗೆ ತಿಳಿಬಣ್ಣದ ತೆಳು ಹೊದಿಕೆ ಹೊದಿಸಬಹುದು. ಈ ತಿಳಿವಳಿಕೆಯನ್ನು ತಿರುಗಿಸಿ ಬಲೆಯನ್ನೂ ಮಾಡಬಹುದು. ಹೊಳೆಯುವ ದೊಡ್ಡ ಕಪ್ಪು ಚೆಂಡನ್ನು ಬಿಸಿಲಿನಲ್ಲಿ ತೂಗುಬಿಟ್ಟು, ಅದರ ಮೇಲೆ ಆಲಿಕೆಯಂಥ ಬಲೆ ಕಟ್ಟಿದರೆ ಕುದುರೆನೊಣಗಳು ಚೆಂಡಿನ ಬಳಿ ಬಂದು, ಮೇಲಕ್ಕೆ ಹಾರಿ ಬಲೆಯಲ್ಲಿ ಸಿಕ್ಕಿಬೀಳುತ್ತವೆ. ಆಫ್ರಿಕಾದಲ್ಲಿ ನೀಲಿ, ಕಪ್ಪು ಬಟ್ಟೆಯಿಂದ ಹೊಲಿದ ನ್ಜಿ ಎಂಬ ಬಲೆಯೂ ಬಳಕೆಯಲ್ಲಿದೆ. ಸ್ವಾಹಿಲಿ ಭಾಷೆಯಲ್ಲಿ ನ್ಜಿ ಎಂದರೆ ನೊಣ. ಇಂಥ ಬಲೆಗಳನ್ನು ಕುದುರೆಯ ಪಕ್ಕದಲ್ಲೇ ಇಡದೆ, ನೊಣ ಬರುವ ಕೆರೆ ಅಥವಾ ಪೊದೆಯ ಕಡೆಗೆ ಬಿಸಿಲಿನಲ್ಲಿ ಇಡಬೇಕು.

ಇಷ್ಟೆಲ್ಲ ಇಲ್ಲದಿದ್ದರೂ ಒಂದು ಸುಲಭ ಉಪಾಯವಿದೆ. ಕುದುರೆನೊಣಗಳು ಬಿಸಿಲನ್ನು ಬಯಸುತ್ತವೆ. ಕತ್ತಲಿನ ಲಾಯದೊಳಗೆ ಬರಲು ಹಿಂಜರಿಯುತ್ತವೆ. ನಡುಹಗಲಿನಲ್ಲಿ ಕುದುರೆಗೆ ನೆರಳಿನ ಆಸರೆ ಒದಗಿಸಿದರೆ ಅರ್ಧ ಕೆಲಸ ಮುಗಿಯಿತು.

ಪಟ್ಟೆ ಹೊದ್ದ ಕುದುರೆ

ಜೀಬ್ರಾಗೆ ಪಟ್ಟೆಗಳೇಕೆ ಎಂಬ ಪ್ರಶ್ನೆಗೆ ಕುದುರೆಗಳೇ ಉತ್ತರ ಹೇಳಲು ನೆರವಾದ ಪ್ರಯೋಗವೊಂದು ಇಂಗ್ಲೆಂಡಿನಲ್ಲಿ ನಡೆಯಿತು. ಟಿಮ್ ಕ್ಯಾರೋ, ಮಾರ್ಟಿನ್ ಹೌ ಮತ್ತು ಸಂಗಡಿಗರು ಒಂದೇ ಊರಿನಲ್ಲಿದ್ದ ಕುದುರೆಗಳನ್ನೂ ಸಾಕಿದ ಜೀಬ್ರಾಗಳನ್ನೂ ಹೋಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕುದುರೆನೊಣಗಳು ಎರಡರ ಹತ್ತಿರಕ್ಕೂ ಸಮನಾಗಿಯೇ ಬರುತ್ತಿದ್ದವು. ಆದರೆ ಜೀಬ್ರಾಗಳ ಮೇಲೆ ಇಳಿದದ್ದು ಕುದುರೆಗಳಿಗೆ ಹೋಲಿಸಿದರೆ ಸುಮಾರು ಕಾಲು ಭಾಗ ಮಾತ್ರ. ವಿಡಿಯೋ ಚಿತ್ರಗಳಲ್ಲಿ ನೊಣಗಳು ವೇಗ ತಗ್ಗಿಸದೆ ಪಟ್ಟೆ ಮೈಯನ್ನು ದಾಟಿ ಹೋಗುವುದು ಅಥವಾ ಅದಕ್ಕೆ ಢಿಕ್ಕಿ ಹೊಡೆಯುವುದು ಕಾಣಿಸಿತು.

ಆದರೆ ಜೀಬ್ರಾದ ವಾಸನೆ ಬೇರೆ ಇರಬಹುದಲ್ಲವೆ? ಈ ಸಂದೇಹವನ್ನು ಪರಿಹರಿಸಲು ಕುದುರೆಗಳಿಗೇ ಕಪ್ಪು, ಬಿಳಿ ಮತ್ತು ಪಟ್ಟೆಯ ಹೊದಿಕೆಗಳನ್ನು ಹೊದಿಸಿ ನೋಡಿದರು. ಪಟ್ಟೆಯ ಹೊದಿಕೆಯ ಮೇಲೆ ಇಳಿದ ನೊಣಗಳು ತೀರ ಕಡಿಮೆ. ಅದೇ ಕುದುರೆಗಳ ಹೊದಿಕೆಯಿಲ್ಲದ ತಲೆಯ ಮೇಲೆ ಇಳಿದ ನೊಣಗಳ ಸಂಖ್ಯೆಯಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸಕ್ಕೆ ಕಾರಣ ಕುದುರೆಯಲ್ಲ, ವಾಸನೆಯಲ್ಲ, ಹೊದಿಕೆಯ ವಿನ್ಯಾಸ ಎಂದು ತಲೆಯ ಈ ಲೆಕ್ಕವೇ ತೋರಿಸಿಕೊಟ್ಟಿತು. ಪ್ರಯೋಗದಲ್ಲಿ ನಿಯಂತ್ರಣದ ಮಹತ್ವವನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಇದು ಒಳ್ಳೆಯ ಉದಾಹರಣೆ. ಚೌಕುಳಿ ವಿನ್ಯಾಸದ ಹೊದಿಕೆಯೂ ಹೀಗೆಯೇ ಕೆಲಸ ಮಾಡುತ್ತದೆ ಎಂದು 2020ರಲ್ಲಿ ತಿಳಿದುಬಂದಿತು. ಜಪಾನಿನ ಸಂಶೋಧಕರು ಕಪ್ಪು ಹಸುಗಳ ಮೇಲೆ ಬಿಳಿ ಪಟ್ಟೆ ಬಳಿದು ನೋಡಿದಾಗ ಕಚ್ಚುವ ನೊಣಗಳು ಸುಮಾರು ಅರ್ಧಕ್ಕೆ ಇಳಿದವು. 2019ರ ಈ ಕೆಲಸಕ್ಕೆ 2025ರ ಇಗ್ ನೊಬೆಲ್ ಬಹುಮಾನ ದೊರೆಯಿತು.

ಒಂದು ಮಾತನ್ನು ನೆನಪಿಡಬೇಕು. ಪಟ್ಟೆ ಮೋಸಗೊಳಿಸುವುದು ಕಣ್ಣನ್ನು. ಮಬ್ಬು ಬೆಳಕಿನಲ್ಲಿ ವಾಸನೆ ಹಿಡಿದು ಬರುವ ನೊರಜಿಗೆ ಪಟ್ಟೆಯ ಹೊದಿಕೆ ತಡೆಯಾಗುವುದಾದರೆ ಅದು ಬಟ್ಟೆಯಾಗಿ ಮಾತ್ರ, ಚಿತ್ತಾರವಾಗಿ ಅಲ್ಲ.

ಅರ್ಧಕ್ಕೆ ನಿಂತ ಊಟ

ಕುದುರೆನೊಣದ ಬಾಯಿಯ ಭಾಗಗಳು ಕತ್ತರಿಯ ಅಲಗುಗಳಂತಿವೆ. ಅದು ಚರ್ಮವನ್ನು ಸೀಳಿ, ಒಸರುವ ರಕ್ತವನ್ನು ನೆಕ್ಕುತ್ತದೆ. ಇದರಿಂದ ನೋವು ಹೆಚ್ಚು. ಕುದುರೆ ಕೂಡಲೇ ಕೊಡವುತ್ತದೆ. ಊಟ ಅರ್ಧಕ್ಕೆ ನಿಂತ ನೊಣ ಅದೇ ಕುದುರೆಗೋ ಪಕ್ಕದಲ್ಲಿರುವ ಇನ್ನೊಂದು ಪ್ರಾಣಿಗೋ ಹೋಗಿ ಉಳಿದದ್ದನ್ನು ಮುಗಿಸುತ್ತದೆ. ರೋಗ ಹರಡುವುದು ಇಲ್ಲಿಯೇ.

ಭಾರತದ ಕುದುರೆಗಳಲ್ಲಿ ಕಾಣುವ ಸರ್ರಾ ರೋಗ ಇದಕ್ಕೆ ಉದಾಹರಣೆ. ಬಿಟ್ಟು ಬಿಟ್ಟು ಬರುವ ಜ್ವರ, ರಕ್ತಹೀನತೆ, ಕಾಲು ಮತ್ತು ಹೊಟ್ಟೆಯಡಿಯಲ್ಲಿ ಬಾವು, ದಿನೇದಿನೇ ಸೊರಗುವುದು ಇದರ ಲಕ್ಷಣಗಳು. 1880ರಲ್ಲಿ, ಅಂದಿನ ಪಂಜಾಬಿಗೆ ಸೇರಿದ್ದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಕುದುರೆ, ಒಂಟೆಗಳ ರಕ್ತದಲ್ಲಿ ಈ ರೋಗದ ಪರಜೀವಿಯನ್ನು ಕಂಡ. ಸೂಕ್ಷ್ಮಜೀವಿಗಳು ರೋಗ ತರುತ್ತವೆ ಎಂಬ ಮಾತಿಗೆ ಇನ್ನೂ ಪೂರ್ಣ ಒಪ್ಪಿಗೆ ಸಿಗದಿದ್ದ ಕಾಲ ಅದು. ಆ ಪರಜೀವಿಗೆ ಮುಂದೆ ಆತನ ಹೆಸರೇ ಸೇರಿ ಟ್ರಿಪನೊಸೋಮ ಇವಾನ್ಸಿ ಎಂದಾಯಿತು. ಲಿಯೊನಾರ್ಡ್ ರೋಜರ್ಸ್ ಎಂಬ ವೈದ್ಯ ಭಾರತದಲ್ಲೇ ನಡೆಸಿದ ಪ್ರಯೋಗಗಳನ್ನು 1901ರಲ್ಲಿ ಪ್ರಕಟಿಸಿದ. ರೋಗದ ಪ್ರಾಣಿಯನ್ನು ಕಚ್ಚಿದ ಕುದುರೆನೊಣ ತಕ್ಷಣವೇ ಆರೋಗ್ಯವಂತ ಪ್ರಾಣಿಯನ್ನು ಕಚ್ಚಿದರೆ ರೋಗ ಹರಡುತ್ತಿತ್ತು. ನೊಣವನ್ನು ದಿನಗಟ್ಟಲೆ ಕಾಯಿಸಿ ಬಿಟ್ಟರೆ ಹರಡುತ್ತಿರಲಿಲ್ಲ. ಅಂದರೆ ಪರಜೀವಿ ನೊಣದೊಳಗೆ ಬೆಳೆಯುವುದಿಲ್ಲ. ನೊಣದ ಬಾಯಿ ಇಲ್ಲಿ ತೊಳೆಯದೆ ಬಳಸಿದ ಸೂಜಿಯಂತೆ ವರ್ತಿಸುತ್ತದೆ ಅಷ್ಟೆ.

ಈ ಒಂದು ಅಂಶದಿಂದಲೇ ಖರ್ಚಿಲ್ಲದ ಉಪಾಯವೊಂದು ಹೊಳೆಯುತ್ತದೆ. ಪಕ್ಕದ ಪ್ರಾಣಿ ತುಂಬ ದೂರದಲ್ಲಿದ್ದರೆ ನೊಣ ಅಷ್ಟು ದೂರ ಹೋಗುವ ಬದಲು ಮೊದಲಿನ ಪ್ರಾಣಿಗೇ ಮರಳುತ್ತದೆ. ಇದೇ ರೀತಿ ಹರಡುವ ಮತ್ತೊಂದು ರೋಗವಾದ ಕುದುರೆಗಳ ಸೋಂಕು ರಕ್ತಹೀನತೆಗೆ ಸಿಕ್ಕ ಪ್ರಾಣಿಯನ್ನು ಉಳಿದ ಕುದುರೆಗಳಿಂದ ಕನಿಷ್ಠ 200 ಗಜ, ಅಂದರೆ ಸುಮಾರು 180 ಮೀಟರ್ ದೂರ ಇಡಬೇಕೆಂಬ ನಿಯಮ ಅಮೆರಿಕದಲ್ಲಿದೆ. ನಮ್ಮಲ್ಲಿ ದನ, ಎಮ್ಮೆಗಳು ಹೊರಗೆ ಲಕ್ಷಣ ತೋರದೆಯೂ ಸರ್ರಾದ ಪರಜೀವಿಯನ್ನು ಹೊತ್ತಿರಬಹುದು. ಆದ್ದರಿಂದ ನೊಣದ ಕಾಲದಲ್ಲಿ ಕುದುರೆಯನ್ನು ದನಗಳ ಜೊತೆ ಒಟ್ಟಾಗಿ ಕಟ್ಟದಿರುವುದು ಒಳಿತು.

ಲಾಯದ ನೊಣ: ಕುದುರೆಗಿಂತ ತಿಪ್ಪೆಯ ಕಡೆ ಗಮನ

ಲಾಯದ ನೊಣ ಕುದುರೆಯ ಮೈಮೇಲೆ ಇರುವುದು ದಿನದಲ್ಲಿ ಕೆಲವೇ ನಿಮಿಷ. ರಕ್ತ ಕುಡಿದಾದ ಮೇಲೆ ಗೋಡೆ, ಬೇಲಿ, ಕಂಬಗಳ ಮೇಲೆ ಹೋಗಿ ಕೂರುತ್ತದೆ. ಹೀಗಾಗಿ ಕುದುರೆಯ ಮೈಗೆ ಮದ್ದು ಸಿಂಪಡಿಸಿದರೆ ಅದು ತಾಕುವುದು ಕೆಲವು ನೊಣಗಳಿಗೆ ಮಾತ್ರ. ಇದರ ನಿಜವಾದ ನೆಲೆ ಮೂತ್ರ, ಲದ್ದಿ ಬೆರೆತು ಕೊಳೆಯುತ್ತಿರುವ ಹುಲ್ಲು. ಮೊಟ್ಟೆಯಿಂದ ನೊಣವಾಗಲು ಬೆಚ್ಚನೆಯ ದಿನಗಳಲ್ಲಿ ಇದಕ್ಕೆ ಸುಮಾರು ಮೂರು ವಾರ ಬೇಕು. ಮನೆನೊಣಕ್ಕೆ ಏಳರಿಂದ ಹತ್ತು ದಿನಗಳೇ ಸಾಕು.

ಒಂದು ಕುದುರೆ ದಿನಕ್ಕೆ ಸುಮಾರು 20 ಕಿಲೋಗ್ರಾಂ ಲದ್ದಿ ಹಾಕುತ್ತದೆ. ಅದು ಏಳು ದಿನ ಲಾಯದ ಮೂಲೆಯಲ್ಲೇ ಬಿದ್ದಿದ್ದರೆ ಮನೆನೊಣದ ಒಂದು ತಲೆಮಾರು ಅಲ್ಲೇ ಸಿದ್ಧವಾಗುತ್ತದೆ. ಆದ್ದರಿಂದ ಲದ್ದಿ ಮತ್ತು ನೆನೆದ ಹುಲ್ಲನ್ನು ದಿನವೂ ತೆಗೆಯಬೇಕು. ಲಾಯದಿಂದ ದೂರದಲ್ಲಿ ಎತ್ತರವಾಗಿ ಒಟ್ಟಿ ಮುಚ್ಚಿಟ್ಟರೆ ಗೊಬ್ಬರವಾಗುವಾಗ ಒಳಗಿನ ಶಾಖ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮರಿಹುಳುಗಳು ಬದುಕುವುದಿಲ್ಲ. ಅಂಚಿನಲ್ಲಿ ಶಾಖ ಕಡಿಮೆ ಇರುವುದರಿಂದ ಅಂಚನ್ನು ಆಗಾಗ ಒಳಕ್ಕೆ ಮಗುಚಬೇಕು. ಹಾಗೆ ಮಾಡದೆ ಲದ್ದಿಯನ್ನು ತೆಳುವಾಗಿ ಬಿಸಿಲಿಗೆ ಹರಡಿ ಒಣಗಿಸಿದರೂ ಆಗಬಹುದು. ಎರಡರಲ್ಲೂ ಇರಬಾರದ ಸ್ಥಿತಿ ಒಂದೇ, ಬೆಚ್ಚಗೆ ಒದ್ದೆಯಾಗಿರುವುದು. ನೊಣದ ಕೋಶಗಳಲ್ಲಿ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಸಣ್ಣ ಕಣಜಗಳನ್ನೂ ಕೆಲವು ದೇಶಗಳಲ್ಲಿ ಲಾಯಗಳಿಗೆ ತಂದು ಬಿಡುತ್ತಾರೆ.

ಕಚ್ಚದ ಮನೆನೊಣವನ್ನೂ ಅಲಕ್ಷಿಸುವಂತಿಲ್ಲ. ಕುದುರೆಯ ಹೊಟ್ಟೆಯಲ್ಲಿರುವ ಹ್ಯಾಬ್ರೊನೀಮ ಎಂಬ ಹುಳುವಿನ ಸಂತತಿ ಲದ್ದಿಯ ಮೂಲಕ ನೊಣದ ಮರಿಹುಳುವನ್ನು ಸೇರಿ, ಅದು ನೊಣವಾದಾಗ ಕುದುರೆಯ ಗಾಯ ಅಥವಾ ಕಣ್ಣಂಚನ್ನು ತಲುಪುತ್ತದೆ. ಅಲ್ಲಿ ಮಾಯದ ಹುಣ್ಣು ಏಳುತ್ತದೆ. ಬೇಸಿಗೆ ಹುಣ್ಣು ಎಂದೇ ಇದಕ್ಕೆ ಹೆಸರು. ಗಾಯವನ್ನು ಮುಚ್ಚಿಡುವುದು, ಹಗಲಿನಲ್ಲಿ ಕಣ್ಣಿಗೆ ಜಾಲರಿಯ ಮುಖವಾಡ ತೊಡಿಸುವುದು, ಪಶುವೈದ್ಯರ ಸಲಹೆಯಂತೆ ಜಂತುಹುಳುವಿನ ಔಷಧಿ ಕೊಡಿಸುವುದು ಇದಕ್ಕೆ ತಡೆ. ಜಾಲರಿಯ ಮೂಲಕ ಕುದುರೆಗೆ ಚೆನ್ನಾಗಿಯೇ ಕಾಣಿಸುತ್ತದೆ. ಮುಖವಾಡವನ್ನು ದಿನಕ್ಕೊಮ್ಮೆ ತೆಗೆದು ಒಳಗೆ ನೊಣ, ಕಸ ಸೇರಿದೆಯೇ ಎಂದು ನೋಡಬೇಕು.

ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಅಪಾಯದ್ದು

ಕಣ್ಣಿಗೆ ಸರಿಯಾಗಿ ಕಾಣಿಸದ ನೊರಜು ಎರಡು ರೀತಿಯಲ್ಲಿ ಕುದುರೆಯನ್ನು ಬಾಧಿಸುತ್ತದೆ.

ಮೊದಲನೆಯದು ಅಲರ್ಜಿ. ನೊರಜಿನ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಕೆಲವು ಕುದುರೆಗಳ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಪ್ರತಿಕ್ರಿಯಿಸುತ್ತದೆ. ಕೇಸರ ಮತ್ತು ಬಾಲದ ಬುಡದಲ್ಲಿ ತಡೆಯಲಾಗದ ನವೆ ಹುಟ್ಟಿ ಕುದುರೆ ಕಂಬಕ್ಕೆ ಉಜ್ಜಿ ಉಜ್ಜಿ ರಕ್ತ ಬರಿಸಿಕೊಳ್ಳುತ್ತದೆ. ಐಸ್‌ಲ್ಯಾಂಡಿನ ಕುದುರೆಗಳ ಕಥೆ ಇಲ್ಲಿ ತುಂಬ ಬೋಧಪ್ರದ. ರೋಗ ಬಾರದಂತೆ ತಡೆಯಲು ಆ ದ್ವೀಪಕ್ಕೆ ಹೊರಗಿನ ಕುದುರೆಗಳನ್ನು ತರುವಂತಿಲ್ಲ. ಹೊರಗೆ ಹೋದ ಕುದುರೆ ಮರಳಿ ಬರುವಂತಿಲ್ಲ. ಈ ಅಲರ್ಜಿ ಉಂಟುಮಾಡುವ ನೊರಜುಗಳ ಕಡಿತವಿಲ್ಲದೆ ಅಲ್ಲಿ ಬೆಳೆದ ಕುದುರೆಯನ್ನು ಯೂರೋಪಿನ ಮುಖ್ಯ ಭೂಭಾಗಕ್ಕೆ ಒಯ್ದಾಗ ಅಲರ್ಜಿ ಬರುವ ಸಂಭವ ಬಹಳ ಹೆಚ್ಚು. ಅದೇ ತಳಿಯ ಕುದುರೆ ಯೂರೋಪಿನಲ್ಲೇ ಹುಟ್ಟಿದ್ದರೆ ಆ ಸಂಭವ ಎಷ್ಟೋ ಕಡಿಮೆ. ಎಳವೆಯಲ್ಲೇ ಕಡಿತಕ್ಕೆ ಒಡ್ಡಿಕೊಂಡ ದೇಹ ಅದನ್ನು ಸಹಿಸಲು ಕಲಿತಿರುತ್ತದೆ.

ಎರಡನೆಯದು ಆಫ್ರಿಕಾದ ಕುದುರೆ ರೋಗ. ವೈರಸ್‌ನಿಂದ ಬರುವ ಈ ರೋಗದ ಉಗ್ರ ರೂಪಕ್ಕೆ ಸಿಕ್ಕ ಕುದುರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಾಯಬಹುದು. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದಲ್ಲಿ 1854-55ರಲ್ಲಿ ಸುಮಾರು 70,000 ಕುದುರೆಗಳು ಇದರಿಂದ ಸತ್ತವು. ಸೂರ್ಯ ಮುಳುಗುವ ಮುನ್ನ ಕುದುರೆಗಳನ್ನು ಲಾಯಕ್ಕೆ ಸೇರಿಸಿ, ಬಿಸಿಲೇರಿದ ಮೇಲೆ ಬಿಟ್ಟರೆ ರೋಗ ಕಡಿಮೆ ಎಂಬುದು ಅಲ್ಲಿನ ರೈತರಿಗೆ ಅನುಭವದಿಂದ ತಿಳಿದಿತ್ತು. ರಾತ್ರಿಯ ಇಬ್ಬನಿಯೇ ರೋಗಕ್ಕೆ ಕಾರಣ ಎಂದು ಭಾವಿಸಿದವರೂ ಇದ್ದರು. ಕ್ಯೂಲಿಕಾಯ್ಡಿಸ್ ನೊರಜೇ ಇದರ ವಾಹಕ ಎಂದು ಡು ಟಾಯ್ಟ್ ಎಂಬ ವಿಜ್ಞಾನಿ 1944ರಲ್ಲಿ ತೋರಿಸಿದ ಮೇಲೆ ರೈತರ ರೂಢಿಗೆ ಸರಿಯಾದ ಕಾರಣ ದೊರೆಯಿತು.

ಈ ರೋಗ ಆಫ್ರಿಕಾದಲ್ಲೇ ನಿಲ್ಲಲಿಲ್ಲ. 1959ರಿಂದ 1961ರ ನಡುವೆ ಮಧ್ಯಪ್ರಾಚ್ಯದಿಂದ ಭಾರತದವರೆಗೂ ಹರಡಿ ಕುದುರೆ, ಕತ್ತೆ, ಹೇಸರಗತ್ತೆ ಸೇರಿ 3 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಬಲಿ ತೆಗೆದುಕೊಂಡಿತು. 2020ರಲ್ಲಿ ಥಾಯ್ಲೆಂಡಿನಲ್ಲಿ ಹಠಾತ್ತಾಗಿ ಕಾಣಿಸಿಕೊಂಡು 500ಕ್ಕೂ ಹೆಚ್ಚು ಕುದುರೆಗಳನ್ನು ಕೊಂದಿತು. ಅಲ್ಲಿ ಲಸಿಕೆಯ ಜೊತೆಗೆ ಕೈಗೊಂಡ ಮುಖ್ಯ ಕ್ರಮ, ಲಾಯಗಳನ್ನು ಪೂರ್ತಿಯಾಗಿ ಪರದೆಯಿಂದ ಮುಚ್ಚುವುದು.

ಪರದೆ ಎಂದಾಗ ರಂಧ್ರದ ಅಳತೆ ಮುಖ್ಯವಾಗುತ್ತದೆ. ಸಾಮಾನ್ಯ ಸೊಳ್ಳೆ ಪರದೆಯ ರಂಧ್ರಗಳು 1.2ರಿಂದ 1.6 ಮಿಲಿಮೀಟರ್ ಇರುತ್ತವೆ. ನೊರಜಿನ ಮೈಯ ಅಗಲ 1 ಮಿಲಿಮೀಟರ್‌ಗಿಂತ ಕಡಿಮೆ. ಅದು ಸಲೀಸಾಗಿ ನುಸುಳುತ್ತದೆ. ಇನ್ನೂ ಸಣ್ಣ ರಂಧ್ರದ ಪರದೆ ಹಾಕಿದರೆ ನೊರಜು ನಿಲ್ಲುತ್ತದೆ, ಆದರೆ ಗಾಳಿಯೂ ತಗ್ಗಿ ಲಾಯ ಬೇಯತೊಡಗುತ್ತದೆ. ಈ ತೊಡಕಿಗೆ ಎರಡು ಪರಿಹಾರಗಳಿವೆ. ಪರದೆಗೆ ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕ ಲೇಪಿಸುವುದು ಒಂದು. ಒಳಗೆ ಫ್ಯಾನ್ ಹಾಕುವುದು ಇನ್ನೊಂದು. ನೊರಜು ಬಲಹೀನ ಹಾರಾಟಗಾರ. ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಯಲ್ಲಿ ಅದರ ಹಾರಾಟ ಬಹುಮಟ್ಟಿಗೆ ನಿಲ್ಲುತ್ತದೆ. ಫ್ಯಾನ್ ಕುದುರೆಯನ್ನು ತಂಪಾಗಿಡುತ್ತದೆ, ನೊರಜನ್ನೂ ದೂರವಿಡುತ್ತದೆ. ವೈರು, ಸ್ವಿಚ್ಚುಗಳು ಮಾತ್ರ ಕುದುರೆಗೆ ಎಟುಕದಂತೆ ಇರಬೇಕು.

ನಮ್ಮ ಕುರಿಗಾರರಿಗೆ ಪರಿಚಿತವಾದ ನೀಲಿ ನಾಲಿಗೆ ರೋಗವನ್ನು ಹರಡುವುದೂ ಕ್ಯೂಲಿಕಾಯ್ಡಿಸ್ ನೊರಜುಗಳೇ. ಮಳೆಗಾಲದಲ್ಲಿ ಹಟ್ಟಿಯ ಸುತ್ತ ಕೆಸರು, ಒದ್ದೆ ಸಗಣಿ ನಿಲ್ಲದಂತೆ ನೋಡಿಕೊಂಡರೆ ಕುರಿ, ಕುದುರೆ ಎರಡಕ್ಕೂ ಒಳ್ಳೆಯದು.

ಸಿಂಪಡಿಸುವ, ತಿನ್ನಿಸುವ, ಹೊಗೆ ಹಾಕುವ ಮದ್ದುಗಳು

ಪರ್ಮೆಥ್ರಿನ್‌ನಂಥ ಪೈರಿಥ್ರಾಯ್ಡ್‌ಗಳು ನೊಣ, ನೊರಜು ಎರಡರ ಮೇಲೂ ಕೆಲಸ ಮಾಡುತ್ತವೆ. ಆದರೆ ಬೆವರು, ಮಳೆ ಇವನ್ನು ಬೇಗ ತೊಳೆದುಬಿಡುತ್ತವೆ. ಇವು ಮೀನುಗಳಿಗೂ ಬೆಕ್ಕುಗಳಿಗೂ ವಿಷ. ಸಿಂಪಡಿಸಿದ ಕುದುರೆಯನ್ನು ಕೂಡಲೇ ಕೆರೆಗೆ ಇಳಿಸಬಾರದು. ಒಂದೇ ಕೀಟನಾಶಕವನ್ನು ವರ್ಷಗಟ್ಟಲೆ ಬಳಸಿದರೆ ಮನೆನೊಣಗಳಲ್ಲಿ ನಿರೋಧ ಶಕ್ತಿ ಬೆಳೆಯುತ್ತದೆ. ಮನುಷ್ಯರು ಬಳಸುವ ಡೀಟ್ ಹೆಚ್ಚಿನ ಸಾರತೆಯಲ್ಲಿ ಕುದುರೆಯ ಚರ್ಮವನ್ನು ಕೆಡಿಸುತ್ತದೆ. ಬೇವಿನೆಣ್ಣೆ, ನಿಂಬೆಹುಲ್ಲಿನ ಎಣ್ಣೆಗಳ ಪರಿಣಾಮ ಉಳಿಯುವುದು ಅಲ್ಪ ಹೊತ್ತು. ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ. ಯಾವುದನ್ನೇ ಆಗಲಿ ಮೊದಲು ಚರ್ಮದ ಸಣ್ಣ ಭಾಗಕ್ಕೆ ಹಚ್ಚಿ ಒಂದು ದಿನ ನೋಡಬೇಕು.

ಬೆಳ್ಳುಳ್ಳಿ ತಿನ್ನಿಸಿದರೆ ನೊಣ ಬರುವುದಿಲ್ಲ ಎಂಬ ನಂಬಿಕೆ ಅನೇಕ ದೇಶಗಳ ಕುದುರೆ ಸಾಕಣೆಗಾರರಲ್ಲಿದೆ. ಇದಕ್ಕೆ ಗಟ್ಟಿಯಾದ ಆಧಾರವಿಲ್ಲ. ಬದಲಾಗಿ, ಒಣಗಿಸಿದ ಬೆಳ್ಳುಳ್ಳಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುದಿನ ತಿನ್ನಿಸಿದಾಗ ಕುದುರೆಗಳ ಕೆಂಪು ರಕ್ತಕಣಗಳು ಹಾಳಾಗಿ ರಕ್ತಹೀನತೆ ಬಂದದ್ದು ಕೆನಡಾದಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಕೊಟ್ಟಿಗೆಗೆ ಸಂಜೆ ಹೊಗೆ ಹಾಕುವ ನಮ್ಮ ರೂಢಿಯಿಂದ ಕೀಟಗಳು ಸ್ವಲ್ಪ ಹೊತ್ತು ದೂರವಾಗುವುದು ನಿಜ. ಆದರೆ ಧೂಳು, ಹೊಗೆಗಳಿಂದ ಕುದುರೆಯ ಶ್ವಾಸಕೋಶ ಬೇಗ ಕೆಡುತ್ತದೆ. ಮುಚ್ಚಿದ ಲಾಯದಲ್ಲಿ ಹೊಗೆ ಹಾಕಬಾರದು.

ಹೊತ್ತು ಗೊತ್ತು ಮಾಡುವುದು

ಹಗಲಿನ ಕುದುರೆನೊಣದಿಂದ ತಪ್ಪಿಸಲು ಕುದುರೆಯನ್ನು ಹಗಲು ಲಾಯದಲ್ಲಿಟ್ಟು ಸಂಜೆ ಮೇಯಲು ಬಿಡುವುದು ಎಷ್ಟೋ ಕಡೆ ರೂಢಿ. ನೊರಜು ಹೆಚ್ಚಿರುವ ಜೌಗಿನ ಬಳಿ ಹೀಗೆ ಮಾಡಿದರೆ, ನೊರಜು ಹಸಿದು ಹೊರಡುವ ಹೊತ್ತಿಗೇ ಕುದುರೆಯನ್ನು ಹೊರಗೆ ಕಳಿಸಿದಂತಾಗುತ್ತದೆ. ಅಂಥಲ್ಲಿ ಬೆಳಗ್ಗೆ ಬಿಸಿಲು ಮೂಡಿದ ಮೇಲೆ ಮೇಯಲು ಬಿಟ್ಟು, ನಡುಹಗಲಿಗೆ ನೆರಳಿಗೆ ತಂದು, ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ ಪರದೆಯ ಒಳಗೆ ಸೇರಿಸುವುದು ಮೇಲು. ಮೇಯಲು ಸಿಗುವ ಹೊತ್ತು ಕಡಿಮೆಯಾಗುವುದರಿಂದ ಲಾಯದಲ್ಲಿ ಹುಲ್ಲು ಹೆಚ್ಚು ಕೊಡಬೇಕು. ನೊರಜು ಇಲ್ಲದ, ಗಾಳಿಯಾಡುವ ಎತ್ತರದ ಬಯಲಿನಲ್ಲಾದರೆ ರಾತ್ರಿ ಮೇಯಿಸಲು ಅಡ್ಡಿಯಿಲ್ಲ. ಯಾವುದು ಸರಿ ಎಂದು ಹೇಳಬೇಕಾದರೆ ಅಲ್ಲಿ ಯಾವ ಕೀಟ ಯಾವ ಹೊತ್ತಿನಲ್ಲಿ ಎಷ್ಟು ಬರುತ್ತದೆ ಎಂದು ಎಣಿಸಿ ನೋಡಿರಬೇಕು.

ಮಾಡಿ ನೋಡಿ

ಈ ಎಣಿಕೆಯನ್ನು ಶಾಲಾ ವಿದ್ಯಾರ್ಥಿಗಳೂ ಮಾಡಬಹುದು. ಕುದುರೆ ಇಲ್ಲದ ಊರಿನಲ್ಲಿ ದನದ ಕೊಟ್ಟಿಗೆ ಸಾಕು. ಕುದುರೆನೊಣ, ಲಾಯದ ನೊಣ ಎರಡೂ ದನಗಳಿಗೂ ಬರುತ್ತವೆ.

ಒಂದು: ಧ್ರುವೀಕರಣವನ್ನು ನೋಡುವುದು. ಪೋಲರಾಯ್ಡ್ ತಂಪು ಕನ್ನಡಕವೊಂದನ್ನು ತೆಗೆದುಕೊಳ್ಳಿ. ಬಯಲಿನಲ್ಲಿ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಹಾಳೆ ಮತ್ತು ಬಿಳಿ ಕಾಗದವನ್ನು ಪಕ್ಕಪಕ್ಕದಲ್ಲಿ ಹಾಸಿ. ಓರೆಯಾಗಿ ನಿಂತು, ಕನ್ನಡಕದ ಗಾಜನ್ನು ಕಣ್ಣೆದುರು ನಿಧಾನವಾಗಿ ತಿರುಗಿಸುತ್ತಾ ನೋಡಿ. ಕಪ್ಪು ಹಾಳೆಯ ಹೊಳಪು ಏರಿಳಿಯುತ್ತದೆ. ಬಿಳಿ ಕಾಗದದಲ್ಲಿ ಅಂಥ ಬದಲಾವಣೆ ಕಾಣುವುದಿಲ್ಲ. ಕುದುರೆನೊಣಕ್ಕೆ ಕಾಣುವ ವ್ಯತ್ಯಾಸ ಇದೇ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು.

ಎರಡು: ಬಣ್ಣದ ಪರೀಕ್ಷೆ. 30 ಸೆಂಟಿಮೀಟರ್ ಚೌಕದ ಮೂರು ರಟ್ಟುಗಳನ್ನು ಮಾಡಿ. ಒಂದು ಕಪ್ಪು, ಒಂದು ಬಿಳಿ, ಒಂದಕ್ಕೆ 3 ಸೆಂಟಿಮೀಟರ್ ಅಗಲದ ಕಪ್ಪು ಬಿಳಿ ಪಟ್ಟೆ. ಪ್ಲಾಸ್ಟಿಕ್ ಹಾಳೆ ಸುತ್ತಿ ಹರಳೆಣ್ಣೆ ಸವರಿ, ಕೊಟ್ಟಿಗೆಯ ಹೊರಗೆ ಬಿಸಿಲಿನಲ್ಲಿ ಒಂದೇ ಎತ್ತರಕ್ಕೆ ಕಟ್ಟಿ. ದಿನವೂ ಸಂಜೆ ಅಂಟಿದ ಕೀಟಗಳನ್ನು ಗುರುತಿಸಿ, ಬಗೆಬಗೆಯಾಗಿ ಎಣಿಸಿ ಬರೆಯಿರಿ. ಪ್ರತಿದಿನ ರಟ್ಟುಗಳ ಜಾಗವನ್ನು ಅದಲುಬದಲು ಮಾಡಿ. ಜಾಗ ಬದಲಿಸದಿದ್ದರೆ ಫಲಿತಾಂಶವನ್ನು ನಂಬಲಾಗದು, ಏಕೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚಿಸಿ.

ಮೂರು: ಹೊತ್ತಿನ ಎಣಿಕೆ. ಬೆಳಗ್ಗೆ 7, ಮಧ್ಯಾಹ್ನ 12 ಮತ್ತು ಸಂಜೆ 6 ಗಂಟೆಗೆ ಕಟ್ಟಿದ ಹಸುವಿನಿಂದ ಎರಡು ಮೀಟರ್ ದೂರದಲ್ಲಿ ನಿಂತು, ಐದು ನಿಮಿಷದಲ್ಲಿ ಅದು ಎಷ್ಟು ಸಲ ಬಾಲ ಬೀಸಿತು, ಎಷ್ಟು ಸಲ ಕಾಲು ಝಾಡಿಸಿತು, ಎಷ್ಟು ಸಲ ತಲೆ ಕೊಡವಿತು ಎಂದು ಬೇರೆ ಬೇರೆಯಾಗಿ ಗುರುತು ಹಾಕಿ. ಕಾಲು ಝಾಡಿಸುವುದು ಹೆಚ್ಚಾದರೆ ಲಾಯದ ನೊಣವನ್ನು, ತಲೆ ಕೊಡವುವುದು ಹೆಚ್ಚಾದರೆ ಮನೆನೊಣವನ್ನು ಹುಡುಕಿ. ಎರಡು ವಾರದ ಲೆಕ್ಕವನ್ನು ನಕ್ಷೆಯಾಗಿ ಬರೆದು ಹಸುವಿನ ಯಜಮಾನರಿಗೆ ತೋರಿಸಿ. ತಿಪ್ಪೆಯನ್ನು ದೂರಕ್ಕೆ ಸರಿಸಿ ಮುಚ್ಚಲು ಅವರು ಒಪ್ಪಿದರೆ, ಮೂರು ವಾರ ಬಿಟ್ಟು ಮತ್ತೆ ಎಣಿಸಿ.